ಮನೆಯಲ್ಲೇ ಗೋಸುಂಬೆ ಮರಿ ಮಾಡಿಸಿ ಮಾರಿದರೆ ದುಡ್ಡು ಉಳಿಯುತ್ತಾ?

ಪ್ಲೇನೋ_ಹಸಿರುಬಾಲ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನಲ್ಲಿ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೀವಿ. ಮನೆಯಲ್ಲಿ ಒಂದೂವರೆ ವರ್ಷದ ವೇಲ್ಡ್ ಜಾತಿಯ ಗೋಸುಂಬೆ ಗಂಡು ಇದೆ, ಗಟ್ಟಿಮುಟ್ಟಾಗಿದೆ. ಹೋದ ವಾರ ಎಂಟು ತಿಂಗಳ ಹೆಣ್ಣೊಂದನ್ನು ತಂದು ಬೇರೆ ಗೂಡಿನಲ್ಲಿ ಇಟ್ಟಿದ್ದೀವಿ. ಹತ್ತಕ್ಕೆ ಹನ್ನೊಂದು ಅಡಿಯ ರೂಮೊಂದು ಖಾಲಿ ಇದೆ. ಒಂದು ಸಲಕ್ಕೆ 50ರಿಂದ 60 ಮೊಟ್ಟೆ ಇಡುತ್ತೆ ಅಂತ ಓದಿದೆ. ಇಲ್ಲಿನ ಅಂಗಡಿಯಲ್ಲಿ ಮರಿಗೆ 60–70 ಡಾಲರ್ ಇದೆ. ಹಾಗಾದ್ರೆ ಒಂದು ಸಲಕ್ಕೆ ಮೂರು ಸಾವಿರ ಡಾಲರ್ ಮೇಲೆ ಬರಬೇಕಲ್ವಾ? ನನ್ನದು ಎಚ್-1ಬಿ ವೀಸಾ, ನನ್ನ ಹೆಂಡತಿಗೆ ಎಚ್-4 ಮೇಲೆ ಇಎಡಿ (ಕೆಲಸ ಮಾಡೋ ಅನುಮತಿ ಕಾರ್ಡು) ಇದೆ. ಮುಂದೆ ಊರಿಗೆ ವಾಪಸ್ ಹೋದರೆ ಬೆಂಗಳೂರಲ್ಲೂ ಇದನ್ನೇ ಮುಂದುವರಿಸಬಹುದಾ? ಗೊತ್ತಿರೋರು ಖರ್ಚು, ಕೆಲಸ ಎರಡನ್ನೂ ಬಿಡಿಸಿ ಹೇಳಿ.

ಲೆಕ್ಕದ_ಪುಸ್ತಕ:

ಮೊಟ್ಟೆ ಎಣಿಸಿ ಲೆಕ್ಕ ಹಾಕಬೇಡಿ ಸರ್, ಮೂರು ತಿಂಗಳು ತುಂಬಿದ ಮರಿ ಎಣಿಸಿ ಹಾಕಿ. ಅದಕ್ಕಿಂತ ಮುಂಚೆ ಮಾರಿದ ಮರಿ ಕೊಂಡವರ ಮನೆಯಲ್ಲಿ ಸಾಯೋದೇ ಹೆಚ್ಚು, ಆಮೇಲೆ ನಿಮ್ಮ ಹತ್ತಿರ ಯಾರೂ ಬರಲ್ಲ.

ನಿಮ್ಮದೇ ಬೆಲೆ ಇಟ್ಟುಕೊಂಡು ಒಂದು ಅಂದಾಜು ಹಾಕೋಣ. ಹೆಣ್ಣಿನ ಊಟ ಹಿಡಿತದಲ್ಲಿಟ್ಟು 35 ಮೊಟ್ಟೆ ಅಂದ್ಕೊಳ್ಳಿ (60 ಇಡಿಸೋದು ಯಾಕೆ ತಪ್ಪು ಅಂತ ಬೇರೆಯವರು ಹೇಳ್ತಾರೆ). ಅದರಲ್ಲಿ ಫಲಿತ ಮೊಟ್ಟೆ 30, ಒಡೆದು ಬರೋದು 26, ಮೂರು ತಿಂಗಳು ದಾಟೋದು 22. ಇದು ಕೈ ಪಳಗಿದವರ ಲೆಕ್ಕ, ಮೊದಲ ಸಲದವರಿಗೆ ಇದಕ್ಕಿಂತ ಕಡಿಮೆ ಬರಬಹುದು.

ಬಂಡವಾಳ: ಎರಡು ದೊಡ್ಡ ಗೂಡು ದೀಪ ಸಮೇತ 700, ಜೋಡಿಗೆ 200. ಇವು ನಿಮ್ಮ ಹತ್ತಿರ ಇವೆ ಅಂತ ಬಿಡೋಣ. ಮರಿಗಳನ್ನ ಒಂದೊಂದಾಗಿ ಇಡೋಕೆ 24 ಚಿಕ್ಕ ಜಾಲರಿ ಗೂಡು, ತಲಾ 30ರಂತೆ 720. ನಾಲ್ಕು ಅಡಿ ಉದ್ದದ ಟಿ5 ಯುವಿಬಿ (ಅತಿನೇರಳೆ ಕಿರಣದ) ಕೊಳವೆ ದೀಪ ನಾಲ್ಕು, ತಲಾ 85ರಂತೆ 340. ಬಿಸಿ ಬಲ್ಬು, ಟೈಮರ್, ಮಂಜು ಸಿಂಪಡಿಸೋ ಪಂಪು 240. ಒಟ್ಟು 1,300 ಡಾಲರ್ ಮರಿ ಹುಟ್ಟೋ ಮುಂಚೆಯೇ ಕೈಬಿಡುತ್ತೆ.

ನಡೆಸೋ ಖರ್ಚು: ಮರಿಗಳಿಗೆ ಮೂರು ತಿಂಗಳ ಹುಳುವಿಗೆ 450, ಅದೂ ಹಣ್ಣಿನ ನೊಣವನ್ನ ಮನೆಯಲ್ಲೇ ಬೆಳೆಸಿಕೊಂಡರೆ. ಕ್ಯಾಲ್ಸಿಯಂ, ವಿಟಮಿನ್ ಪುಡಿ 40. ಕರೆಂಟು: 54 ವ್ಯಾಟಿನ ನಾಲ್ಕು ದೀಪ, 40 ವ್ಯಾಟಿನ ಆರು ಬಲ್ಬು, ದಿನಕ್ಕೆ 12 ಗಂಟೆ ಅಂದ್ರೆ ಹತ್ತಿರ ಹತ್ತಿರ 5.5 ಯೂನಿಟ್. 90 ದಿನಕ್ಕೆ 490 ಯೂನಿಟ್ ಮೇಲೆ, ಯೂನಿಟ್ಟಿಗೆ 15 ಸೆಂಟ್ ಆದರೆ 74 ಡಾಲರ್. ಅಪ್ಪ ಅಮ್ಮನ ವರ್ಷದ ಊಟ, ದೀಪಕ್ಕೆ 400. ಪಶುವೈದ್ಯರ ಹತ್ತಿರ ಮಲ ಪರೀಕ್ಷೆ, ಒಂದು ಭೇಟಿ 150. ಕೂಡಿದರೆ 1,114.

ಆದಾಯ: ಅಂಗಡಿಯವರು 60ಕ್ಕೆ ಮಾರೋ ಮರಿಗೆ ನಿಮಗೆ 60 ಕೊಡಲ್ಲ, 20 ಕೊಟ್ಟರೆ ದೊಡ್ಡದು. ಎಂಟು ಮರಿಯನ್ನ ನೇರವಾಗಿ ಗಿರಾಕಿಗೆ 60ರಂತೆ, ಹದಿನಾಲ್ಕನ್ನ ಅಂಗಡಿಗೆ 20ರಂತೆ ಕೊಟ್ಟರೆ 480 ಮತ್ತು 280, ಒಟ್ಟು 760. ಬಂಡವಾಳ ಬಿಟ್ಟೇ 354 ನಷ್ಟ. ಇಪ್ಪತ್ತೆರಡನ್ನೂ 60ಕ್ಕೇ ಮಾರಿದಿರಿ ಅಂದ್ಕೊಂಡರೂ 1,320. ಸರೀಸೃಪ ಮೇಳದ ಟೇಬಲ್ ಬಾಡಿಗೆಗೆ 150 ತೆಗೆದರೆ ಉಳಿಯೋದು 56 ಡಾಲರ್. ಮರಿಗಳಿದ್ದಾಗ ದಿನಕ್ಕೆ ಎರಡು ಗಂಟೆ ಕೆಲಸ ಇದ್ದೇ ಇದೆ, 90 ದಿನಕ್ಕೆ 180 ಗಂಟೆ. ಗಂಟೆಗೆ 31 ಸೆಂಟ್ ಆಯ್ತು.

ಇಷ್ಟು ಕಡಿಮೆ ಬೆಲೆ ಯಾಕೆ ಅಂದ್ರೆ ವೇಲ್ಡ್ ಸುಲಭವಾಗಿ ಮರಿ ಮಾಡೋ ಜಾತಿ. ಮೂಲ ಯೆಮನ್, ನೈಋತ್ಯ ಸೌದಿ ಅರೇಬಿಯಾ ಆದ್ರೂ ಫ್ಲಾರಿಡಾದಲ್ಲಿ ಬಯಲು ಸೇರಿ ತಾವಾಗೇ ಬೆಳೀತಿವೆ, ಹಿಡಿದು ಮಾರೋರೂ ಇದ್ದಾರೆ. ಅಲ್ಲಿನ ದೊಡ್ಡ ಸಾಕಾಣಿಕೆಗಳು ಬೆಚ್ಚನೆ ಹವೆಯಲ್ಲಿ ಹೊರಗೇ ಸಾಕ್ತಾರೆ, ದೀಪದ ಖರ್ಚು ಅವರಿಗೆ ಇಲ್ಲ. ರೂಮಿನಲ್ಲಿ ಬಲ್ಬು ಉರಿಸಿ ಅವರ ಬೆಲೆಗೆ ಪೈಪೋಟಿ ಕೊಡೋಕೆ ಆಗಲ್ಲ.

ಮಣ್ಣು_ಮೊಟ್ಟೆ:

ಮೇಲಿನ ಲೆಕ್ಕ ಸರಿಯಾಗಿದೆ. ಹೆಣ್ಣಿನ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಈ ಕಸುಬಿನಲ್ಲಿ ಮೊದಲು ಸೋಲೋದು ಅದರ ಮೈ.

ಎಂಟು ತಿಂಗಳಿಗೆ ಕೂಡಿಸಬೇಡಿ. ಮೈ ನೆರೆದಿರುತ್ತೆ ನಿಜ, ಎಲುಬು ಇನ್ನೂ ಕಟ್ಟುತ್ತಿರುತ್ತೆ. ಹನ್ನೆರಡು ತಿಂಗಳು ತುಂಬಲಿ. ಅಲ್ಲಿವರೆಗೆ ದಿನ ಬಿಟ್ಟು ದಿನ ಮೂರು ನಾಲ್ಕು ಹುಳು ಸಾಕು, ಬಿಸಿಲು ಕಾಯುವ ಕೊಂಬೆಯ ಮೇಲೆ 26–27 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹೆಚ್ಚು ತಿಂದು ಹೆಚ್ಚು ಬಿಸಿಯಲ್ಲಿದ್ದ ಹೆಣ್ಣು 60, 70, ಕೆಲವು ಸಲ 80 ಮೊಟ್ಟೆ ಕಟ್ಟುತ್ತೆ. ಅಷ್ಟೂ ಚಿಪ್ಪಿನ ಕ್ಯಾಲ್ಸಿಯಂ ಅದರ ಎಲುಬಿನಿಂದಲೇ ಬರಬೇಕು. ಅಷ್ಟು ಮೊಟ್ಟೆ ಇಟ್ಟ ಹೆಣ್ಣು ಎರಡು ಮೂರು ಸಲದಲ್ಲೇ ಮುಗಿದುಹೋಗುತ್ತೆ. ಊಟ, ಬಿಸಿ ಎರಡನ್ನೂ ಹಿಡಿದಿಟ್ಟರೆ 20–30ಕ್ಕೆ ನಿಲ್ಲುತ್ತೆ, ಮೊಟ್ಟೆಯೂ ದಪ್ಪ, ಮರಿಯೂ ಗಟ್ಟಿ.

ಕೂಡಿಸುವಾಗ ಹೆಣ್ಣನ್ನ ಗಂಡಿನ ಗೂಡಿಗೆ ಬಿಡಿ. ಮೈ ತಿಳಿಹಸಿರಾಗಿ ನಿಧಾನಕ್ಕೆ ದೂರ ನಡೆದರೆ ಒಪ್ಪಿದೆ ಅಂತ. ಬಾಯಿ ಅಗಲಿಸಿ ಬುಸ್ ಅಂದು, ಕಪ್ಪಾಗಿ, ಅಕ್ಕಪಕ್ಕ ತೂಗಿದರೆ ಆ ಕ್ಷಣವೇ ಹೊರಗೆ ತೆಗೀರಿ. ಕೂಡಿದ ಮೇಲೆ ಒಂದೆರಡು ದಿನದಲ್ಲಿ ಕಡುಹಸಿರಿನ ಮೇಲೆ ಹಳದಿ, ನೀಲಿ ಚುಕ್ಕೆ ಎದ್ದು ಕಾಣುತ್ತೆ. ಅದು ಬಸಿರಿನ ಬಣ್ಣ. ಮೊಟ್ಟೆಗೆ 20ರಿಂದ 30 ದಿನ. ಒಂದು ಸಲ ಕೂಡಿದ ವೀರ್ಯವನ್ನ ಒಳಗೇ ಇಟ್ಟುಕೊಂಡು ಮೂರು ನಾಲ್ಕು ತಿಂಗಳ ಮೇಲೆ ಗಂಡಿಲ್ಲದೇ ಎರಡನೇ ಸಲವೂ ಫಲಿತ ಮೊಟ್ಟೆ ಇಡಬಹುದು, ಆಗ ಗೂಡು ಸಾಲದೇ ಒದ್ದಾಡೋರು ಬಹಳ.

ಇಟ್ಟ ಮೊಟ್ಟೆಯನ್ನ ಒಡೆಯೋವರೆಗೆ ಕಾಪಾಡೋ ಡಬ್ಬಿ: ಶೂ ಡಬ್ಬಿಯಷ್ಟಿರೋ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ. ವರ್ಮಿಕ್ಯುಲೈಟ್ (ನೀರು ಹಿಡಿದಿಡೋ ಹಗುರ ಖನಿಜದ ಹರಳು) 100 ಗ್ರಾಂಗೆ ನೀರು 80 ಗ್ರಾಂ, ಅಳತೆ ತೂಕದಲ್ಲಿ, ಲೋಟದಲ್ಲಿ ಅಲ್ಲ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದು ಹನಿ ಬಂದರೆ ಹದ, ಧಾರೆ ಬಂದರೆ ಜಾಸ್ತಿ. ಮೊಟ್ಟೆಯನ್ನ ಮಣ್ಣಿನಿಂದ ತೆಗೆಯುವಾಗ ಯಾವ ಬದಿ ಮೇಲಿತ್ತೋ ಅದೇ ಬದಿ ಮೇಲಿರಲಿ. ಪೆನ್ಸಿಲ್ಲಿನಲ್ಲಿ ಮೇಲೆ ಒಂದು ಚುಕ್ಕೆ ಇಡಿ. ಕೋಳಿಮೊಟ್ಟೆ ತಿರುಗಿಸಿದ ಹಾಗೆ ಇದನ್ನ ತಿರುಗಿಸಿದರೆ ಭ್ರೂಣ ಸಾಯುತ್ತೆ. ಅರ್ಧ ಹೂತು, ಎರಡೆರಡು ಸೆಂಟಿಮೀಟರ್ ಅಂತರದಲ್ಲಿಟ್ಟು ಮುಚ್ಚಿ, ಮುಚ್ಚಳಕ್ಕೆ ಸೂಜಿತೂತು ಎರಡು. ಡಬ್ಬಿ ತುಂಬಿಸಿದ ದಿನವೇ ತೂಕ ಮಾಡಿ ಮುಚ್ಚಳದ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ತೂಗಿ, ಎಷ್ಟು ಗ್ರಾಂ ಕಡಿಮೆಯಾಗಿದೆಯೋ ಅಷ್ಟು ನೀರನ್ನ ಮೂಲೆಗೆ ಬಿಡಿ, ಮೊಟ್ಟೆ ಮೇಲೆ ಅಲ್ಲ.

24–26 ಡಿಗ್ರಿಯಲ್ಲಿ ಏಳೆಂಟು ತಿಂಗಳು. ಎಸಿ ಇರೋ ಮನೆಯಲ್ಲಿ ಕತ್ತಲೆಯ ಕಪಾಟೇ ಸಾಕು, ಇನ್‌ಕ್ಯುಬೇಟರ್ ಬೇಡ. 30 ದಾಟಿಸಿ ಬೇಗ ಒಡೆಸಲು ಹೋದರೆ ಮರಿ ಪುಟ್ಟದಾಗಿ, ನಿತ್ರಾಣವಾಗಿ ಬರುತ್ತೆ ಅಥವಾ ಬರೋದೇ ಇಲ್ಲ. ತೇವ ಜಾಸ್ತಿಯಾದರೆ ಮೊಟ್ಟೆ ಬೇಗ ಉಬ್ಬಿ, ಮರಿ ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿರುತ್ತೆ. ಹೊಸಬರು ಕಳಕೊಳ್ಳೋದು ಹೆಚ್ಚಾಗಿ ಹೀಗೇ. ಮೊದಲ ತಿಂಗಳುಗಳಲ್ಲಿ ಮೊಟ್ಟೆ ತಗ್ಗು ಬಿದ್ದರೆ ಒಣಗಿದೆ ಅಂತ. ಕೊನೆಗೆ ಮೈಮೇಲೆ ಬೆವರಿನ ಹಾಗೆ ಹನಿ ಮೂಡಿ ಆಮೇಲೆ ತಗ್ಗು ಬಿದ್ದರೆ ಒಡೆಯೋ ಹೊತ್ತು. ಚಿಪ್ಪಿನ ತುದಿಯಲ್ಲಿ ನಕ್ಷತ್ರದ ಹಾಗೆ ಸೀಳು ಬಿಟ್ಟು ಮರಿ ಮೂಗು ಹೊರಗಿಟ್ಟು ಗಂಟೆಗಟ್ಟಲೆ ಸುಮ್ಮನೆ ಇರುತ್ತೆ. ಹಳದಿ ಒಳಗೆ ಹೀರಿಕೊಳ್ಳೋಕೆ ಅದಕ್ಕೆ ಆ ಹೊತ್ತು ಬೇಕು. ಎಳೆದು ತೆಗೆದರೆ ಹೊಕ್ಕುಳಲ್ಲಿ ರಕ್ತ ಬಂದು ಸಾಯುತ್ತೆ.

ನೊಣದ_ಡಬ್ಬಿ:

ಮರಿ ಸಾಕೋ ಭಾಗ ನನಗೆ ಬಿಡಿ.

ಒಂದು ಮರಿ ದಿನಕ್ಕೆ 20 ಸಣ್ಣ ಹುಳು ಅಂತ ಹಿಡೀರಿ. 24 ಮರಿಗೆ ದಿನಕ್ಕೆ 480. ತೊಂಬತ್ತು ದಿನಕ್ಕೆ 43,200. ಈ ಸಂಖ್ಯೆ ಕಣ್ಮುಂದೆ ಇಟ್ಟುಕೊಂಡು ಮೊಟ್ಟೆ ಒಡೆಯೋ ಆರು ವಾರ ಮುಂಚೆಯೇ ನೊಣ ಬೆಳೆಸೋಕೆ ಶುರು ಮಾಡಬೇಕು. ಮರಿ ಬಂದ ಮೇಲೆ ಶುರು ಮಾಡಿದರೆ ಹಸಿವಿಂದ ಸಾಯ್ತವೆ.

950 ಮಿಲಿಲೀಟರ್ ಡಬ್ಬಿಗೆ ಅರ್ಧ ಕಪ್ ಒಣಪುಡಿ: ಆಲೂಗಡ್ಡೆ ಫ್ಲೇಕ್ಸ್ ನಾಲ್ಕು ಪಾಲು, ಸಕ್ಕರೆ ಒಂದು ಪಾಲು, ಬ್ರೂವರ್ಸ್ ಯೀಸ್ಟ್ ಅರ್ಧ ಪಾಲು. ಮೂರು ಪಾಲು ನೀರಿಗೆ ಒಂದು ಪಾಲು ವಿನಿಗರ್ ಬೆರೆಸಿ, ಅದರಲ್ಲಿ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ವಿನಿಗರ್ ಇಲ್ಲದಿದ್ದರೆ ನಾಲ್ಕನೇ ದಿನಕ್ಕೆ ಬೂಸ್ಟು. ಮೇಲೆ ಒಂದು ಚಿಟಿಕೆ ಬ್ರೆಡ್ಡಿನ ಯೀಸ್ಟ್, ಒಂದು ಹಿಡಿ ಮರದ ತುರಿ, 50 ನೊಣ. ಹಣ್ಣಿನ ನೊಣದಲ್ಲಿ ಎರಡು ಜಾತಿ: 25 ಡಿಗ್ರಿಯಲ್ಲಿ ಮೆಲನೋಗ್ಯಾಸ್ಟರ್ ಎರಡು ವಾರಕ್ಕೆ, ಹೈಡಿ ಮೂರು ನಾಲ್ಕು ವಾರಕ್ಕೆ ಹೊಸ ತಲೆಮಾರು ಬಿಡುತ್ತೆ. ಮೂರು ದಿನಕ್ಕೊಮ್ಮೆ ಹೊಸ ಡಬ್ಬಿ ಹಾಕ್ತಾ ಇರಿ, ತಿಂಗಳು ದಾಟಿದ ಡಬ್ಬಿ ಎಸೀರಿ, ಇಟ್ಟರೆ ಹುಡಿಯಂಥ ನುಸಿ ಸೇರಿ ಎಲ್ಲಾ ಡಬ್ಬಿಗೂ ಹಬ್ಬುತ್ತೆ. ಎರಡನೇ ವಾರದಿಂದ ಸೂಜಿತಲೆಯಷ್ಟಿರೋ ಕ್ರಿಕೆಟ್ ಹುಳುವಿನ ಮರಿಯನ್ನೂ ಸೇರಿಸಿ. ಕೊಡೋ ಹುಳು ಗೋಸುಂಬೆ ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು.

ಪ್ರತಿ ಊಟಕ್ಕೂ ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ತೆಳುವಾಗಿ, ತಿಂಗಳಿಗೆ ಎರಡು ಸಲ ಡಿ3 ಇರೋ ಮಲ್ಟಿವಿಟಮಿನ್. ಯುವಿಬಿ ದೀಪಕ್ಕೂ ಮರಿಗೂ ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು, ಅವು ಯುವಿಬಿಯನ್ನ ತಡೀತವೆ. ಕಿಟಕಿ ಬಿಸಿಲಿನಲ್ಲಿಟ್ಟರೆ ಸಾಕು ಅನ್ನೋರು ಸೋಲೋದೂ ಇದಕ್ಕೇ. ದೀಪ ಉರೀತಾ ಇದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಕ್ಯಾಲ್ಸಿಯಂ ಕೊರತೆ ಮೊದಲು ಕಾಣೋದು ನಾಲಿಗೆಯಲ್ಲಿ: ಗುರಿ ಇಟ್ಟು ಬಾಯಿ ತೆರೆಯುತ್ತೆ, ನಾಲಿಗೆ ಅರ್ಧಕ್ಕೇ ಬಿದ್ದುಹೋಗುತ್ತೆ. ಆಮೇಲೆ ಮುಂಗಾಲು ಬಿಲ್ಲಿನ ಹಾಗೆ ಬಾಗುತ್ತೆ, ದವಡೆ ರಬ್ಬರಿನ ಹಾಗಾಗುತ್ತೆ. ಆ ಮರಿಯನ್ನ ಮಾರಬೇಡಿ.

ಬಿಸಿ ಬಲ್ಬು 25–40 ವ್ಯಾಟ್, ಕೊಂಬೆಯ ಮೇಲೆ 27 ಡಿಗ್ರಿ ಸಾಕು. ಎರಡು ಗ್ರಾಂ ಕೂಡ ತೂಗದ ಮರಿ ಬಲ್ಬಿನ ಕೆಳಗೆ ಅರ್ಧ ಗಂಟೆಯಲ್ಲಿ ಬೇಯುತ್ತೆ. ನವಿರಾದ ಮಂಜು ದಿನಕ್ಕೆ ಮೂರು ನಾಲ್ಕು ಸಲ, ನಡುವೆ ಗೂಡು ಒಣಗಬೇಕು.

ಎಂಟು ಹತ್ತು ಮರಿ ಒಟ್ಟಿಗೆ ಆರು ವಾರದವರೆಗೆ ಇರಬಹುದು. ಆಮೇಲೆ ಬಾಲದ ತುದಿ, ಬೆರಳು ಕಚ್ಚಿಕೊಳ್ತವೆ. ಬಾಲದ ತುದಿ ಕಪ್ಪಾದ ಮರಿಗೆ ಅರ್ಧ ಬೆಲೆಯೂ ಇಲ್ಲ. ಕಚ್ಚಾಟ ಇಲ್ಲದಿದ್ದರೂ ಒಂದು ಮರಿ ಇನ್ನೊಂದನ್ನ ಬರೀ ಕಣ್ಣಲ್ಲೇ ಹೆದರಿಸಿ ಊಟ ಬಿಡಿಸುತ್ತೆ, ಅದಕ್ಕೇ ಗೂಡುಗಳ ನಡುವೆ ರಟ್ಟು ಇಡಬೇಕು. ಗಂಡು ಹೆಣ್ಣು ಗುರುತು ವೇಲ್ಡ್‌ನಲ್ಲಿ ಹುಟ್ಟಿದ ದಿನವೇ ಸಿಗುತ್ತೆ: ಹಿಂಗಾಲಿನ ಹಿಮ್ಮಡಿ ನೋಡಿ, ಗಂಡಿಗೆ ಸಾಸಿವೆ ಕಾಳಿನ ಕಾಲು ಭಾಗದಷ್ಟು ಒಂದು ಮೊಳೆ ಇರುತ್ತೆ, ಹೆಣ್ಣಿಗೆ ನುಣುಪು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ತಪ್ಪಾಗಲ್ಲ.

ನೋಸಿಬೆ_ನೀಲಿ:

ದುಡ್ಡಿನ ದೃಷ್ಟಿಯಿಂದ ಯಾರಾದರೂ ಮಾಡುವುದಾದರೆ ಮಡಗಾಸ್ಕರದ ಪ್ಯಾಂಥರ್ ಗೋಸುಂಬೆ ಮಾಡಬೇಕು, ವೇಲ್ಡ್ ಅಲ್ಲ. ಆದರೆ ಅದರ ದಾರಿ ಉದ್ದ.

ಪ್ಯಾಂಥರ್‌ನಲ್ಲಿ ಊರಿಗೊಂದು ಬಣ್ಣ. ನೋಸಿ ಬೆ ದ್ವೀಪದ ಗಂಡು ನೀಲಿಹಸಿರು, ಅಂಬಿಲೋಬೆಯದು ಕೆಂಪು-ನೀಲಿ ಪಟ್ಟೆ, ಅಂಬಾಂಜ, ತಮತಾವೆ, ಸಂಬಾವ ಒಂದೊಂದೂ ಬೇರೆ. ಹೆಣ್ಣುಗಳು ಎಲ್ಲಾ ಊರಿನವೂ ಕಂದು, ಗುಲಾಬಿ ಬಣ್ಣವೇ. ಕಣ್ಣಿಂದ ನೋಡಿ ಇದು ಯಾವ ಊರಿನ ಹೆಣ್ಣು ಅಂತ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಈ ವ್ಯಾಪಾರ ನಿಂತಿರುವುದು ಮಾರುವವರ ಮಾತಿನ ಮೇಲೆ, ಅಪ್ಪ, ಅಮ್ಮನ ಅಪ್ಪ, ಅಪ್ಪನ ಅಪ್ಪ ಇವರ ಫೋಟೋ ಸಮೇತ ದಾಖಲೆಯ ಮೇಲೆ. ವಂಶ ಗೊತ್ತಿಲ್ಲದ ಹೆಣ್ಣನ್ನು ಅಗ್ಗಕ್ಕೆ ತಂದು ಕೂಡಿಸಿದರೆ ಮರಿಗಳು ಮಿಶ್ರ, ಹಾಗೆಂದೇ ಹೇಳಿ ಮಾರಬೇಕು. ಮುಚ್ಚಿಟ್ಟು ಮಾರಿದರೆ ಮುಂದೆ ಹತ್ತು ಮನೆಯ ವಂಶ ಕೆಡುತ್ತದೆ.

ಅಂದಾಜು ಲೆಕ್ಕ: ಸಂಬಂಧವಿಲ್ಲದ ಜೋಡಿ 650 ಡಾಲರ್. ಇಪ್ಪತ್ತು ಮೊಟ್ಟೆ, ಒಡೆಯುವುದು 16, ನಾಲ್ಕು ತಿಂಗಳು ದಾಟುವುದು 13. ಆರು ಗಂಡು 300ರಂತೆ, ಏಳು ಹೆಣ್ಣು 150ರಂತೆ 2,850. ಹೊಸ ಮಾರಾಟಗಾರರಿಗೆ ಇದರಲ್ಲಿ ಮೂರನೇ ಎರಡು ಭಾಗ ಹಿಡಿಯಿರಿ, 1,900. ನಡೆಸುವ ಖರ್ಚು 1,500. ಉಳಿಯುವ 400ರಿಂದ ಜೋಡಿಯ ಬೆಲೆ ಹುಟ್ಟುವುದಿಲ್ಲ, ಎರಡನೇ ಮೊಟ್ಟೆಯವರೆಗೆ ಕಾಯಬೇಕು. ಮರಿ ತಂದು ಬೆಳೆಸಲು ಒಂದು ವರ್ಷ, ಮೊಟ್ಟೆ ಒಡೆಯಲು ಏಳರಿಂದ ಹನ್ನೆರಡು ತಿಂಗಳು, ಮರಿ ಬೆಳೆಯಲು ನಾಲ್ಕು. ಮೊದಲ ಡಾಲರ್ ನೋಡುವ ಹೊತ್ತಿಗೆ ಎರಡು ವರ್ಷ ಕಳೆದಿರುತ್ತದೆ. ಮೊಟ್ಟೆಗೂ ನಡುವೆ ಒಂದು ಚಳಿಗಾಲ ಕೊಡಬೇಕು: ಮೊದಲ 4–6 ವಾರ 24 ಡಿಗ್ರಿ, ಆಮೇಲೆ ಆರು ವಾರ 18ರ ಆಸುಪಾಸು, ಮತ್ತೆ 24. ಚಳಿ ಕೊಡದಿದ್ದರೆ ಒಂದೇ ತಾಯಿಯ ಮೊಟ್ಟೆಗಳು ತಿಂಗಳುಗಟ್ಟಲೆ ಹಿಂದೆಮುಂದೆ ಒಡೆಯುತ್ತವೆ.

ಯಾವ ಜಾತಿಯಾದರೂ ಡಲ್ಲಾಸ್‌ನವರು ಕ್ಯಾಲೆಂಡರನ್ನು ಹಿಂದಿನಿಂದ ಓದಬೇಕು. ಮರಿ ಕಳಿಸುವ ಡಬ್ಬಿಗೆ ಎರಡೂ ಊರಿನಲ್ಲಿ ಹವೆ ಸುಮಾರು 7ರಿಂದ 29 ಡಿಗ್ರಿಯೊಳಗೆ ಇರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿಂದ ಏನನ್ನೂ ಕಳಿಸಲಾಗದು. ಮಾರ್ಚ್ ಮಧ್ಯದಿಂದ ಮೇವರೆಗೆ ಮಾರಬೇಕಾದರೆ ಡಿಸೆಂಬರ್ ಮಧ್ಯಕ್ಕೆ ಒಡೆಯಬೇಕು, ಅಂದರೆ ವೇಲ್ಡ್ ಹೆಣ್ಣು ಮೇ ತಿಂಗಳಲ್ಲಿ ಮೊಟ್ಟೆ ಇಡಬೇಕು. ನವೆಂಬರ್‌ನಲ್ಲಿ ಇಟ್ಟರೆ ಜೂನ್‌ನಲ್ಲಿ ಒಡೆದು ಸೆಪ್ಟೆಂಬರ್‌ಗೆ ಮಾರಾಟ. ಆಗಸ್ಟ್‌ನಲ್ಲಿ ಇಡಿಸಿದರೆ ಮರಿ ಜೂನ್‌ಗೆ ಸಿದ್ಧವಾಗುತ್ತದೆ, ಕಳಿಸಲಾಗದೆ ಇನ್ನೂ ಮೂರು ತಿಂಗಳು ಊಟ ಹಾಕುತ್ತ ಕೂರಬೇಕಾಗುತ್ತದೆ. ಆಗ ನೆರವಿಗೆ ಬರುವುದು ನೇರ ಮಾರಾಟ ಮಾತ್ರ, ಆರ್ಲಿಂಗ್ಟನ್‌ನ ಸರೀಸೃಪ ಮೇಳದಂಥದು. ಕಳಿಸುವಾಗ ಡಬ್ಬಿಗೊಂದೇ ಮರಿ, ಒಳಗೆ ಸುಕ್ಕು ಮಾಡಿದ ಪೇಪರ್ ಟವೆಲ್, ಥರ್ಮಾಕೋಲ್ ಹೊದಿಸಿದ ಪೆಟ್ಟಿಗೆ. ಸೋಮವಾರದಿಂದ ಬುಧವಾರದೊಳಗೆ ಓವರ್‌ನೈಟ್ ಕಳಿಸಿ, ಕೊಂಡವರು ಕೊರಿಯರ್ ಕಚೇರಿಗೇ ಹೋಗಿ ತೆಗೆದುಕೊಳ್ಳಲಿ. ಮನೆಬಾಗಿಲಿಗೆ ಅಂದರೆ ವ್ಯಾನಿನಲ್ಲಿ ಇಡೀ ದಿನ ಸುತ್ತುತ್ತದೆ.

2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ದಿನಗಟ್ಟಲೆ ಕರೆಂಟು ಹೋಗಿತ್ತು. ನೀವು ಮರಿ ಸಾಕುವ ತಿಂಗಳು ಅದೇ. ದೀಪ ಇಲ್ಲದೆ ಗೋಸುಂಬೆ ಎರಡು ದಿನ ತಡೆಯುತ್ತದೆ, ಕೊರೆಯುವ ಚಳಿಯನ್ನು ತಡೆಯುವುದಿಲ್ಲ. ಜನರೇಟರ್ ಇಲ್ಲದಿದ್ದರೆ ಮರಿಡಬ್ಬಿಗಳನ್ನು ಕೂಲರ್ ಪೆಟ್ಟಿಗೆಯಲ್ಲಿ ಇಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಜೊತೆಗಿಡುವ ತಯಾರಿ ಇರಲಿ.

ಹಿಪ್ಪುನೇರಳೆ:

ನನ್ನ ಅಭಿಪ್ರಾಯ ಬೇರೆ. ಗೋಸುಂಬೆ ಸಾಕೋರಿಗೆ ಹುಳು ಮಾರಿ. ಮರಿ ಒಂದು ಸಲ ಕೊಳ್ತಾರೆ, ಹುಳು ವಾರವಾರ ಬೇಕು. ಅದರಲ್ಲೂ ರೇಷ್ಮೆಹುಳು. ಕೊಬ್ಬು ಕಡಿಮೆ, ಮೈತುಂಬಾ ನೀರು, ಮೊಟ್ಟೆ ಇಟ್ಟು ಸೊರಗಿದ ಹೆಣ್ಣಿಗೆ ಬಹಳ ಒಳ್ಳೇದು. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಈ ಕೆಲಸ ಹೊಸದಾಗಿ ಕಲಿಸಬೇಕಾಗಿಲ್ಲ.

ಮೊಟ್ಟೆಯನ್ನ ಫ್ರಿಜ್ಜಿನಲ್ಲಿಟ್ಟು ಬೇಕಾದಾಗ ಹೊರಗೆ ತೆಗೆದರೆ 25–27 ಡಿಗ್ರಿಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಚಾಕಿ, ಅಂದ್ರೆ ಎಳೆಹುಳು. ನಾಲ್ಕು ಜ್ವರ (ಪೊರೆ ಬಿಡೋ ಹೊತ್ತು) ದಾಟಿ ಹಣ್ಣಾಗೋಕೆ, ಅಂದ್ರೆ ಗೂಡು ಕಟ್ಟೋ ಹದಕ್ಕೆ ಬರೋಕೆ 25–28 ದಿನ. ವಾರಕ್ಕೊಂದು ಕಂತಿನಂತೆ ಮೊಟ್ಟೆ ಇಟ್ಟರೆ ಎಲ್ಲಾ ಗಾತ್ರದ ಹುಳುವೂ ಸದಾ ಕೈಲಿರುತ್ತೆ. ಎರಡನೇ ಜ್ವರ ಎದ್ದ ಹುಳು ಸಣ್ಣ ಗೋಸುಂಬೆಗೆ, ನಾಲ್ಕನೇದು ಎದ್ದಿದ್ದು ದೊಡ್ಡದಕ್ಕೆ. ಚಾಕಿ ಹುಳುವನ್ನ ಹುಟ್ಟಿದ ಗೋಸುಂಬೆ ಮರಿಗೆ ಹಾಕಬೇಡಿ, ಅದು ಅಲುಗಾಡಲ್ಲ, ಅಲುಗಾಡದ್ದು ಮರಿಯ ಕಣ್ಣಿಗೆ ಊಟವೇ ಅಲ್ಲ.

ಟೆಕ್ಸಸ್‌ನಲ್ಲಿ ಹಿಪ್ಪುನೇರಳೆ ಮರ ಬೇಕಾದಷ್ಟಿದೆ, ಚಳಿಗಾಲದಲ್ಲಿ ಮಾತ್ರ ಎಲೆ ಇರಲ್ಲ. ಅಕ್ಕಪಕ್ಕದ ಹುಲ್ಲುಹಾಸಿಗೆ ಔಷಧಿ ಹೊಡೆದಿದ್ದರೆ ಆ ಮರ ಮುಟ್ಟಬೇಡಿ. ಚಳಿಗಾಲಕ್ಕೆ ಎಲೆಪುಡಿಯಿಂದ ಮಾಡಿದ ಮೇವು ಸಿಗುತ್ತೆ. ಎಲೆ ತಿಂದು ಬೆಳೆದ ಹುಳು ನಡುವೆ ಮೇವಿಗೆ ಬದಲಾಯಿಸಿದರೆ ಮುಖ ತಿರುಗಿಸುತ್ತೆ, ಆ ಕಂತನ್ನ ಚಾಕಿಯಿಂದಲೇ ಮೇವಿನ ಮೇಲೆ ಬೆಳೆಸಿ. ಜ್ವರದಲ್ಲಿ ತಲೆ ಎತ್ತಿ ನಿಂತಾಗ ಮೇವು ಹಾಕಬೇಡಿ, ಹಾಸಿಗೆ ಒಣಗಿರಲಿ. ತೇವ ಜಾಸ್ತಿಯಾದರೆ ಸಪ್ಪೆರೋಗ, ಕಪ್ಪಗೆ ಕೊಳೆತ ಹುಳು ಕಂಡರೆ ಇಡೀ ತಟ್ಟೆ ಹೋಯ್ತು ಅಂತಲೇ ತಿಳೀರಿ. ಮನೆಯಲ್ಲಿ ಸೊಳ್ಳೆಬತ್ತಿ, ನಾಯಿಯ ಕುತ್ತಿಗೆಗೆ ಚಿಗಟದ ಪಟ್ಟಿ ಇದ್ದರೆ ಹುಳು ಬದುಕಲ್ಲ.

25 ಹುಳುವಿನ ಡಬ್ಬಿಗೆ 10 ಡಾಲರ್ ಅಂತ ಹಿಡಿದರೂ ವಾರಕ್ಕೆ 20 ಡಬ್ಬಿಗೆ 200. ಊರಿನಲ್ಲೇ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್ ಥರದ ಹಲ್ಲಿ ಸಾಕೋರೂ ಇದನ್ನೇ ಕೊಳ್ತಾರೆ. ನಿಮ್ಮ ಖಾಲಿ ರೂಮಿಗೆ ಇದು ಸರಿಹೊಂದುತ್ತೆ.

ಕಾನೂನು_ಕಡತ:

ಎರಡು ವಿಷಯವನ್ನು ಯಾರೂ ಹೇಳಿಲ್ಲ.

ಒಂದು, ಎಚ್-1ಬಿ ವೀಸಾದಲ್ಲಿರುವವರು ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು. ನೀವೇ ಮರಿಗೆ ಊಟ ಹಾಕಿ, ಜಾಹೀರಾತು ಕೊಟ್ಟು, ಮಾರಿ ಹಣ ಪಡೆದರೆ ಅದು ಅನುಮತಿಯಿಲ್ಲದ ಕೆಲಸವಾಗುತ್ತದೆ, ಮೊತ್ತ 50 ಡಾಲರ್ ಆದರೂ ಸರಿ. ಎಚ್-4 ಇಎಡಿ ಇರುವ ನಿಮ್ಮ ಪತ್ನಿ ಸ್ವಂತ ವ್ಯಾಪಾರ ಮಾಡಬಹುದು. ವ್ಯಾಪಾರ, ಬ್ಯಾಂಕ್ ಖಾತೆ, ಕೆಲಸ ಎಲ್ಲವೂ ನಿಜವಾಗಿ ಅವರದೇ ಆಗಿರಬೇಕು, ಹೆಸರಿಗೆ ಮಾತ್ರ ಅಲ್ಲ. ಟೆಕ್ಸಸ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ಬೇಕು. ಮನೆ ಬಾಡಿಗೆಯದಾದರೆ ಕರಾರು, ಸ್ವಂತದ್ದಾದರೆ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ನಿಯಮ ಓದಿ. ನಷ್ಟ ತೋರಿಸುವುದಾದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಇದನ್ನು ಹವ್ಯಾಸವೆಂದು ತಳ್ಳಿಹಾಕಬಹುದು. ಐದು ವರ್ಷದಲ್ಲಿ ಮೂರು ವರ್ಷ ಲಾಭ ಬಂದಿದ್ದರೆ ವ್ಯಾಪಾರವೆಂದು ಪರಿಗಣಿಸುತ್ತದೆ. ಹವಾಯಿಗೆ ಗೋಸುಂಬೆ ಕಳಿಸುವುದು ನಿಷಿದ್ಧ.

ಎರಡು, ಭಾರತ. ನಮ್ಮಲ್ಲಿರುವುದು ಒಂದೇ ಜಾತಿ, ಕರ್ನಾಟಕದ ಕುರುಚಲು ಕಾಡಿನಲ್ಲೂ ಕಾಣುವ ಗೋಸುಂಬೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ. ಹಿಡಿಯುವುದು, ಸಾಕುವುದು, ಮಾರುವುದು ಮೂರೂ ಅಪರಾಧ. ವಿದೇಶಿ ಗೋಸುಂಬೆಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿ, ಹುಟ್ಟು, ಸಾವು, ವರ್ಗಾವಣೆ ಎಲ್ಲವನ್ನೂ ತಿಳಿಸಬೇಕು. ಅಮೆರಿಕದಿಂದ ಒಯ್ಯಲು ಅಲ್ಲಿನ ಸೈಟಿಸ್ ರಫ್ತು ಪರವಾನಗಿ, ಇಲ್ಲಿನ ಆಮದು ಪರವಾನಗಿ, ಮುಖ್ಯ ವನ್ಯಜೀವಿ ಪರಿಪಾಲಕರ ನಿರಾಕ್ಷೇಪಣಾ ಪತ್ರ ಬೇಕು. ಬ್ಯಾಗಿನಲ್ಲಿಟ್ಟು ತಂದರೆ ಕಳ್ಳಸಾಗಣೆ. ಊರಿಗೆ ಮರಳುವ ಯೋಚನೆ ಗಟ್ಟಿಯಾಗಿದ್ದರೆ ಈಗ ಇರುವ ಎರಡಕ್ಕೆ ಅಲ್ಲೇ ಒಳ್ಳೆಯ ಮನೆ ಹುಡುಕಿ.

ಪ್ಲೇನೋ_ಹಸಿರುಬಾಲ:

ಎಲ್ಲರಿಗೂ ತುಂಬಾ ಧನ್ಯವಾದ. ಮರಿ ಮಾಡಿಸೋ ಯೋಚನೆ ಬಿಟ್ಟೆವು. ರೇಷ್ಮೆಹುಳು ವಿಷಯ ಹೆಂಡತಿಗೆ ಹಿಡಿಸಿದೆ. ಆದ್ರೆ ಒಂದು ಅರ್ಜೆಂಟ್ ಪ್ರಶ್ನೆ. ಹೆಣ್ಣು ಎರಡು ದಿನದಿಂದ ಊಟ ಬಿಟ್ಟಿದೆ, ಗೂಡಿನ ತಳದಲ್ಲಿ ಓಡಾಡ್ತಾ ಮೂಲೆ ಕೆರೀತಿದೆ. ಗಂಡಿನ ಜೊತೆ ಬಿಟ್ಟೇ ಇಲ್ಲ. ಏನು ಮಾಡಲಿ?

ಮಣ್ಣು_ಮೊಟ್ಟೆ:

ಗಂಡು ಬೇಕಾಗಿಲ್ಲ, ವೇಲ್ಡ್ ಹೆಣ್ಣು ತಾನಾಗೇ ಗೊಡ್ಡು ಮೊಟ್ಟೆ ಕಟ್ಟುತ್ತೆ. ಈಗಲೇ, ಇವತ್ತೇ ಜಾಗ ಮಾಡಿಕೊಡಿ. ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯುತ್ತೆ.

ಒಂದಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಬಣ್ಣದ ಪ್ಲಾಸ್ಟಿಕ್ ಡಬ್ಬ ತನ್ನಿ, ಪಾರದರ್ಶಕದ್ದು ಬೇಡ. ಮಕ್ಕಳು ಆಡೋ ತೊಳೆದ ಮರಳು ಒಂದಡಿ ಆಳ ತುಂಬಿ, ನೀರು ಹಾಕಿ ಕಲಸಿ. ಬೆರಳಿಂದ ತಳದವರೆಗೆ ತೂತು ಮಾಡಿ, ಕುಸಿಯದೇ ನಿಂತರೆ ಹದ. ಕುಸಿದರೆ ಇನ್ನಷ್ಟು ನೀರು, ತಳದಲ್ಲಿ ನೀರು ನಿಂತರೆ ಒಣ ಮರಳು. ಗೂಡಿನೊಳಗೆ ಇಟ್ಟು, ಮೇಲಿನ ಕೊಂಬೆಯಿಂದ ಡಬ್ಬಕ್ಕೆ ಒಂದು ಕಡ್ಡಿ ಇಳಿಸಿ. ಗೂಡಿನ ಮೂರು ಬದಿಗೂ, ಮುಂಭಾಗಕ್ಕೂ ಬೆಡ್‌ಶೀಟ್ ಕಟ್ಟಿ. ನೀವು ನೋಡ್ತಿರೋದು ಅದಕ್ಕೆ ಗೊತ್ತಾದರೆ ಅರ್ಧ ಅಗೆದ ಗುಂಡಿ ಬಿಟ್ಟು ಮೇಲೆ ಹತ್ತುತ್ತೆ, ಮತ್ತೆ ಇಳಿಯೋಕೆ ದಿನಗಳಾಗುತ್ತೆ. ರಾತ್ರಿ ಸುರಂಗದಲ್ಲೇ ಮಲಗಿದರೂ ಎಬ್ಬಿಸಬೇಡಿ. ಬೆಳಿಗ್ಗೆ ಮಂಜು ಜಾಸ್ತಿ ಹೊತ್ತು ಕೊಡಿ.

ಹಗಲಲ್ಲಿ ಕಣ್ಣು ಮುಚ್ಚಿಕೊಂಡಿದ್ದರೆ, ಕೊಂಬೆ ಹಿಡಿಯೋ ಶಕ್ತಿ ಇಲ್ಲದೇ ತಳದಲ್ಲಿ ಮಲಗಿದರೆ, ಕಣ್ಣು ಗುಳಿ ಬಿದ್ದರೆ, ಅಥವಾ ಎರಡು ದಿನ ಅಗೆದೂ ಇಡದಿದ್ದರೆ ಸರೀಸೃಪ ನೋಡೋ ಪಶುವೈದ್ಯರ ಹತ್ತಿರ ಅದೇ ದಿನ ಹೋಗಿ, ಎಕ್ಸ್‌ರೇ ಬೇಕಾಗುತ್ತೆ. ಹೊಟ್ಟೆ ನೀವೋದು, ಹರಳೆಣ್ಣೆ ಕುಡಿಸೋದು ಮಾಡಬೇಡಿ, ಒಳಗೆ ಮೊಟ್ಟೆ ಒಡೆಯುತ್ತೆ.

ಗುಂಡಿ ಮುಚ್ಚಿ, ಹೊಟ್ಟೆ ಇಳಿದು, ಕೈಕಾಲಿಗೆ ಮರಳು ಮೆತ್ತಿಕೊಂಡು ಮೇಲೆ ಬಂದರೆ ಆಯ್ತು. ಅರ್ಧ ಗಂಟೆ ಮಂಜು ಬಿಡಿ, ಕುಡಿಯುತ್ತೆ. ಎರಡು ವಾರ ಕ್ಯಾಲ್ಸಿಯಂ ಹಚ್ಚಿದ ಹುಳು ದಿನಾ ಕೊಡಿ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸಿ. ಮೊಟ್ಟೆ ತೆಗೆದು ಎಣಿಸಿ, ತಾರೀಖಿನ ಜೊತೆ ಬರೆದಿಡಿ. 40 ದಾಟಿದ್ದರೆ ಬಿಸಿ ಬಲ್ಬು ಒಂದು ಹಂತ ಇಳಿಸಿ. ಡಬ್ಬವನ್ನ ಮಾತ್ರ ತೆಗೀಬೇಡಿ, ಮುಂದಿನ ಸಲಕ್ಕೆ ಮೂರು ನಾಲ್ಕು ತಿಂಗಳೂ ಆಗದೇ ಇರಬಹುದು.